ಉಕ್ಕಿನ ರೋಪ್ ಬಿಚ್ಚಿ ಹಗ್ಗ ಸುತ್ತುವ ಮುನ್ನ

ಮುಧೋಳ, ಜಮಖಂಡಿ, ರಬಕವಿ ಕಡೆಯ ಎರೆಹೊಲಗಳಲ್ಲಿ ಕಬ್ಬಿನ ಕಟಾವು ಆರಂಭವಾಗುವ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಬೆಳಿಗ್ಗೆ ಗಟ್ಟಿಯಾಗಿ ಕಂಡ ನೆಲ ಮಧ್ಯಾಹ್ನದ ಒಂದು ಮಳೆಗೆ ಬೆಣ್ಣೆಯಂತಾಗಿ, ಹೊಲದ ದಾರಿಯಲ್ಲಿ ಹೊರಟ ಪಿಕಪ್ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಅಂಥ ದಿನಗಳಲ್ಲಿ ಮುಂದಿನ ಬಂಪರಿಗೆ ವಿಂಚ್, ಅಂದರೆ ಮೋಟರಿನಿಂದ ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಯಂತ್ರ, ಕೂರಿಸಿಕೊಂಡ ಜೀಪು ಇರುವವನಿಗೆ ಊರಿನಲ್ಲಿ ಇದ್ದಕ್ಕಿದ್ದಂತೆ ನೆಂಟರು ಹೆಚ್ಚಾಗುತ್ತಾರೆ. ನನ್ನ ಅನುಭವವೂ ಅದೇ. ಆರು ವರ್ಷ ಉಕ್ಕಿನ ರೋಪ್ ಬಳಸಿ, ಅದರ ಮುರಿದ ತಂತಿಗಳು ಅಂಗೈಗೆ ಚುಚ್ಚಿ ಸಾಕಾದ ಮೇಲೆ, ಒಂದು ದೀಪಾವಳಿಗೆ ಅದನ್ನು ಬಿಚ್ಚಿ ಕೃತಕ ನಾರಿನ ಹಗ್ಗ ಸುತ್ತಿದೆ. ಹಗ್ಗ ಒಳ್ಳೆಯದೇ ಆಗಿತ್ತು. ಆದರೂ ಎರಡನೆಯ ಎಳೆತಕ್ಕೇ ಅದರ ಹನ್ನೆರಡು ಎಳೆಗಳಲ್ಲಿ ಮೂರು ಕತ್ತರಿಸಿಹೋದವು. ಗ್ಯಾರೇಜಿನ ಹಿರಿಯ ಮಿಸ್ತ್ರಿ ಆ ತುದಿಯನ್ನು ಬೆರಳಲ್ಲಿ ತಿರುವಿ ನೋಡಿ, "ಹಗ್ಗಾ ಹೊಸಾದು ತಂದೀರಿ ಸಾವಕಾರ್ರ, ಆದರ ಅದು ಹಾಯೂ ರೋಲರ್ ಹಳೇದ ಐತಲ್ರಿ" ಎಂದರು.

ನಾನು ಹೇಳಬೇಕಾದುದರ ತಿರುಳೆಲ್ಲ ಆ ಮಾತಿನಲ್ಲಿದೆ. ವಿಂಚಿನಲ್ಲಿ ಹಗ್ಗ ಬದಲಿಸುವುದೆಂದರೆ ಹಗ್ಗ ಮುಟ್ಟುವ ಪ್ರತಿಯೊಂದನ್ನೂ, ಅಂದರೆ ಡ್ರಮ್ಮು, ಅದರ ಮುಂದೆ ಹಗ್ಗಕ್ಕೆ ದಾರಿ ತೋರುವ ಫೇರ್‌ಲೀಡ್, ಬ್ರೇಕು, ಕೊಕ್ಕೆ, ಕೊನೆಗೆ ಎಳೆಯುವವನ ಕೈರೂಢಿಯನ್ನೂ ಹೊಸದಾಗಿ ಪರೀಕ್ಷಿಸುವುದು. ಇದನ್ನು ಬಿಟ್ಟು ಬರಿಯ ಹಗ್ಗವನ್ನಷ್ಟೇ ಬದಲಿಸಿದವರು ನನ್ನ ಹಾಗೆ ಎರಡು ಸಲ ದುಡ್ಡು ಕೊಡುತ್ತಾರೆ.

ಎರಡು ಹಗ್ಗ, ಎರಡು ಸ್ವಭಾವ

ತಂತಿಹಗ್ಗಕ್ಕೆ ಸುಮಾರು ಎರಡು ಶತಮಾನದ ಇತಿಹಾಸವಿದೆ. ಜರ್ಮನಿಯ ಹಾರ್ಜ್ ಪರ್ವತದ ಗಣಿಗಳಲ್ಲಿ ಭಾರ ಎತ್ತುವ ಸರಪಳಿಗಳು ಪದೇ ಪದೇ ತುಂಡಾಗುತ್ತಿದ್ದ ಕಾಲದಲ್ಲಿ, ಅಲ್ಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ತಂತಿಗಳನ್ನೇ ಹೊಸೆದು ಹಗ್ಗ ಮಾಡಿ ಬಳಕೆಗೆ ತಂದರು. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋದಂತೆ. ತಂತಿಹಗ್ಗದಲ್ಲಿ ಒಂದು ತಂತಿ ಹೋದರೂ ಉಳಿದವು ಹಿಡಿದಿರುತ್ತವೆ. ಜೀಪಿನ ವಿಂಚಿಗೆ ಸಾಮಾನ್ಯವಾಗಿ ಬರುವ ರೋಪಿನಲ್ಲಿ ಹತ್ತೊಂಬತ್ತು ತಂತಿಗಳ ಏಳು ಎಳೆಗಳು, ಒಟ್ಟು 133 ತಂತಿಗಳಿರುತ್ತವೆ. ಬಿಸಿಲು, ಬಿಸಿ, ಕಲ್ಲಿನ ಅಂಚು ಯಾವುದಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಅದರ ದೋಷಗಳು ಬೇರೆ ಬಗೆಯವು. ಭಾರ ಹೆಚ್ಚು, ಒಮ್ಮೆ ಗಂಟುಮಡಿಕೆ ಬಿದ್ದರೆ ಆ ಜಾಗ ಮತ್ತೆ ನೇರವಾಗುವುದಿಲ್ಲ, ಒಳಗೆ ತುಕ್ಕು ಹಿಡಿದರೆ ಹೊರಗೆ ಕಾಣುವುದಿಲ್ಲ, ಮುರಿದ ತಂತಿಯ ತುದಿ ಜಾಲಿಮುಳ್ಳಿನಂತೆ ನಿಂತು, ದಪ್ಪ ಚರ್ಮದ ಕೈಗವಸು ಇಲ್ಲದೆ ಮುಟ್ಟಿದವರಿಗೆ ಪಾಠ ಕಲಿಸುತ್ತದೆ.

ಕೃತಕ ಹಗ್ಗವೆಂದರೆ ಇಲ್ಲಿ ಯಾವುದೋ ಪ್ಲಾಸ್ಟಿಕ್ ಹಗ್ಗ ಎಂದರ್ಥವಲ್ಲ, ಈ ಗೊಂದಲವನ್ನು ಮೊದಲು ಕಳೆಯಬೇಕು. ಬಣವೆ ಬಿಗಿಯಲು, ಲಾರಿಯ ತಾಡಪತ್ರಿ ಕಟ್ಟಲು ಸಂತೆಯಲ್ಲಿ ಸಿಗುವ ಬಣ್ಣದ ಹಗ್ಗವನ್ನು ವಿಂಚಿಗೆ ಸುತ್ತುವುದು ಶುದ್ಧ ಅವಿವೇಕ. ನೈಲಾನ್ ಹಗ್ಗವೂ ಬೇಡ. ನೈಲಾನ್ ಬಹಳ ಹಿಗ್ಗುತ್ತದೆ. ಆ ಗುಣದಿಂದಲೇ ಅದನ್ನು ಓಡುವ ವಾಹನದಿಂದ ಜಗ್ಗಿ ಎಳೆಯುವ ಬೇರೊಂದು ವಿಧಾನಕ್ಕೆ ಬಳಸುತ್ತಾರೆ, ಆದರೆ ವಿಂಚಿನಲ್ಲಿ ಅದು ಎಳೆದಿಟ್ಟ ರಬ್ಬರಿನಂತೆ ಶಕ್ತಿ ತುಂಬಿಕೊಂಡು ಕೂರುತ್ತದೆ. ವಿಂಚಿನ ಹಗ್ಗ ಪಾಲಿಎಥಿಲೀನ್ ಜಾತಿಯದು. ಅಂಗಡಿಯ ಹಾಲಿನ ಪಾಕೀಟೂ ಅದೇ ಜಾತಿಯ ಪ್ಲಾಸ್ಟಿಕ್ಕಿನದೇ. ಬೆರಳಿಂದ ಹರಿಯಬಹುದಾದ ಪಾಕೀಟಿಗೂ ಎಂಟು ಟನ್ ತಡೆಯುವ ಹಗ್ಗಕ್ಕೂ ನಡುವಿನ ವ್ಯತ್ಯಾಸವೆಲ್ಲ ಅಣುಗಳ ಉದ್ದದಲ್ಲಿ ಮತ್ತು ಅವನ್ನು ಜೋಡಿಸಿದ ಕ್ರಮದಲ್ಲಿದೆ. ಪಾಕೀಟಿನಲ್ಲಿ ಅಣುಗಳು ಕಣದಲ್ಲಿ ಚೆಲ್ಲಿದ ಮೇವಿನಂತೆ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಹಗ್ಗದ ನಾರಿನಲ್ಲಿ ಅವು ಹಲವು ಪಟ್ಟು ಉದ್ದವಾಗಿದ್ದು, ಕಟ್ಟಿದ ಕಬ್ಬಿನ ಹೊರೆಯಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹೀಗೆ ಮಲಗಿಸುವ ವಿಧಾನಕ್ಕೆ ಜೆಲ್ ಸ್ಪಿನ್ನಿಂಗ್ ಎಂದು ಹೆಸರು. ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸಿ, ಸಣ್ಣ ರಂಧ್ರಗಳಿಂದ ಎಳೆಯಾಗಿ ಹೊರಡಿಸಿ, ಆ ಎಳೆಯನ್ನು ಅದರ ಮೂಲ ಉದ್ದದ ಎಷ್ಟೋ ಪಟ್ಟು ಜಗ್ಗುತ್ತಾರೆ. ಜಗ್ಗಿದಂತೆ ಅಣುಗಳು ಸಾಲಿಗೆ ಬರುತ್ತವೆ. ನೆದರ್‌ಲ್ಯಾಂಡ್ಸಿನ ಡಿಎಸ್ಎಂ ಕಂಪನಿಯಲ್ಲಿ 1970ರ ದಶಕದ ಕೊನೆಗೆ ರೂಪುಗೊಂಡ ಈ ವಿಧಾನದಿಂದ ತಯಾರಾದ ನಾರೇ ಡೈನೀಮಾ. ಅಮೆರಿಕದಲ್ಲಿ ಇದೇ ಬಗೆಯ ನಾರು ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಬಂತು. ಗೋಕಾಕದ ಗಿರಣಿಯಲ್ಲಿ ಹತ್ತಿಯ ಗಿಡ್ಡ ನಾರುಗಳನ್ನು ಹುರಿಗೊಳಿಸಿ ನೂಲು ಮಾಡುವುದನ್ನು ಬಲ್ಲವರಿಗೆ ವ್ಯತ್ಯಾಸ ಬೇಗ ಹೊಳೆದೀತು: ಹತ್ತಿ ನೂಲಿನ ಬಲ ನಾರುಗಳು ಒಂದನ್ನೊಂದು ಹಿಡಿದುಕೊಳ್ಳುವ ಹುರಿಯಲ್ಲಿದೆ, ಇಲ್ಲಿ ಬಲ ಕಡಿಯದೆ ಸಾಗುವ ಎಳೆಯ ಒಳಗೇ ಇದೆ.

ತೂಕದ ಲೆಕ್ಕ ಕೈಗೇ ತಿಳಿಯುತ್ತದೆ. ಒಂಬತ್ತೂವರೆ ಮಿಲಿಮೀಟರ್ ದಪ್ಪದ 30 ಮೀಟರ್ ಉಕ್ಕಿನ ರೋಪ್ ಸುಮಾರು 10ರಿಂದ 11 ಕಿಲೋ ತೂಗುತ್ತದೆ; ಹೆಚ್ಚುಕಡಿಮೆ ಅಷ್ಟೇ ದಪ್ಪದ, ಅಷ್ಟೇ ಉದ್ದದ ಕೃತಕ ಹಗ್ಗ ಎರಡು ಕಿಲೋದೊಳಗೇ ಇರುತ್ತದೆ. ಹರಿಯುವ ಬಲದಲ್ಲಿ ಉಕ್ಕಿನದು ಆರೂವರೆ ಟನ್ನಿನ ಆಸುಪಾಸಿನಲ್ಲಿದ್ದರೆ ಒಳ್ಳೆಯ ಕೃತಕ ಹಗ್ಗ ಎಂಟು ಟನ್ ದಾಟುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ರೋಪ್ ಹೆಗಲಿಗೆ ಹಾಕಿಕೊಂಡು ಇಪ್ಪತ್ತು ಮೀಟರ್ ನಡೆದವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಬೇಕಾಗಿಲ್ಲ. ಮೇಲಾಗಿ ಈ ನಾರಿನ ಸಾಂದ್ರತೆ ನೀರಿಗಿಂತ ತುಸು ಕಡಿಮೆಯಿರುವುದರಿಂದ ಹಗ್ಗ ನೀರಿನ ಮೇಲೆ ತೇಲುತ್ತದೆ. ಹಳ್ಳದಾಚೆಗೆ ಹಗ್ಗ ಒಯ್ಯಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಹರಿದರೆ ಏನಾಗುತ್ತದೆ

ಹಗ್ಗ ಬದಲಿಸುವವರಲ್ಲಿ ಹೆಚ್ಚಿನವರು ಮುಂದಿಡುವ ಕಾರಣ ಸುರಕ್ಷತೆ. ಇದು ಸರಿಯಾದ ಕಾರಣವೇ, ಆದರೆ ಅರ್ಧ ತಿಳಿದು ಹೇಳುವ ಮಾತು. ಕೃತಕ ಹಗ್ಗದಲ್ಲಿ ಶಕ್ತಿಯೇ ಶೇಖರವಾಗುವುದಿಲ್ಲ, ಹರಿದರೆ ಅಲ್ಲೇ ಸುಮ್ಮನೆ ಬೀಳುತ್ತದೆ ಎಂಬ ಮಾತನ್ನು ಅಂಗಡಿಯಲ್ಲೂ ಕೇಳಿದ್ದೇನೆ. ಎಳೆತಕ್ಕೆ ಸಿಕ್ಕ ಯಾವುದೇ ಹಗ್ಗ ಸ್ವಲ್ಪವಾದರೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ಶಕ್ತಿ ಅದರಲ್ಲಿ ಕೂಡಿರುತ್ತದೆ. ಈ ವಿಷಯದಲ್ಲಿ ಉಕ್ಕಿಗೂ ಈ ನಾರಿಗೂ ಆಕಾಶ ಪಾತಾಳದ ಅಂತರವಿಲ್ಲ. ಅಂತರವಿರುವುದು ಆ ಶಕ್ತಿಯನ್ನು ಹೊತ್ತು ಹಾರುವ ತೂಕದಲ್ಲಿ. ಉಕ್ಕಿನ ರೋಪ್ ಹರಿದಾಗ ಹಲವು ಕಿಲೋ ತೂಕದ ಲೋಹ ಹುರಿ ಬಿಚ್ಚುತ್ತ ಪಕ್ಕಕ್ಕೂ ಬೀಸುತ್ತದೆ, ಸುಲಭವಾಗಿ ನಿಲ್ಲುವುದಿಲ್ಲ, ಬಡಿದದ್ದನ್ನು ಸೀಳುತ್ತದೆ. ಹಗುರ ಹಗ್ಗ ಬಹುಮಟ್ಟಿಗೆ ತಾನು ಎಳೆದ ಗೆರೆಯಲ್ಲೇ ಹಿಂದಕ್ಕೆ ಬಂದು, ಗಾಳಿಯ ತಡೆಗೆ ಬೇಗ ಸೋತು ನೆಲಕ್ಕೆ ಬೀಳುತ್ತದೆ.

ಆದರೆ ಹಗ್ಗದ ತುದಿಯಲ್ಲಿ ಉಕ್ಕಿನ ಕೊಕ್ಕೆಯೋ ಶಾಕಲ್ಲೋ (ಜೋಡಿಸುವ ಲೋಹದ ಕೊಂಡಿ) ಇದ್ದು, ಆಚೆಯ ವಾಹನದ ಎಳೆಗೊಂಡಿಯೇ ಕಿತ್ತುಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕವಣೆಯ ಹಗ್ಗವೂ ಹಗುರವೇ, ಏಟು ಕೊಡುವುದು ಅದರಲ್ಲಿಟ್ಟ ಕಲ್ಲು. ಆದ್ದರಿಂದ ಸಾಧ್ಯವಿರುವ ಕಡೆಯಲ್ಲೆಲ್ಲ ಲೋಹದ ಶಾಕಲ್ ಬದಲು ಅದೇ ನಾರಿನಿಂದ ಹೆಣೆದ ಮೆತ್ತನೆಯ ಕುಣಿಕೆ, ಅಂದರೆ ಸಾಫ್ಟ್ ಶಾಕಲ್ ಬಳಸುವುದು ಒಳಿತು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸುವ ಹಳೆಯ ಪದ್ಧತಿಯನ್ನೂ ಬಿಡಬಾರದು. ಜನರನ್ನು ದೂರ ನಿಲ್ಲಿಸುವುದಂತೂ ಯಾವ ಹಗ್ಗವಿದ್ದರೂ ತಪ್ಪಿದ್ದಲ್ಲ. ಬಿಚ್ಚಿದ ಹಗ್ಗದ ಒಂದೂವರೆ ಪಟ್ಟು ದೂರ ಎಂದು ಲೆಕ್ಕ ಹಿಡಿಯಬೇಕು. ನಮ್ಮಲ್ಲಿ ಗಾಡಿ ಸಿಕ್ಕಿಬಿದ್ದಿದೆ ಎಂದರೆ ಅರ್ಧ ಊರು ಬಂದು ಹಗ್ಗದ ಎರಡೂ ಬದಿಗೆ ಸಾಲಾಗಿ ನಿಂತು ಸಲಹೆ ಕೊಡುವುದರಿಂದ, ವಿಂಚಿನ ಕೆಲಸದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ ಎಂದು ನನಗೆ ಅನ್ನಿಸಿದೆ.

ಡ್ರಮ್ಮಿನ ಮೇಲೆ ನಡೆಯುವುದು

ಹಗ್ಗದ ತುದಿಯನ್ನು ಡ್ರಮ್ಮಿಗೆ ಒಂದು ಸಣ್ಣ ಬೋಲ್ಟಿನಿಂದ ಬಿಗಿದಿರುತ್ತಾರೆ. ನಾಲ್ಕು ಟನ್ ಎಳೆತವನ್ನು ಆ ಬೋಲ್ಟು ತಡೆಯುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಕೊಬ್ಬಿದ ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಹತ್ತು ವರ್ಷದ ಹುಡುಗನೂ ಅದನ್ನು ತಡೆಯಬಲ್ಲ; ತಡೆಯುವುದು ಹುಡುಗನ ತೋಳಲ್ಲ, ಗೂಟಕ್ಕೂ ಹಗ್ಗಕ್ಕೂ ನಡುವಿನ ಉಜ್ಜಾಟ. ವಿಂಚಿನಲ್ಲಿ ಡ್ರಮ್ಮೇ ಗೂಟ, ಬೋಲ್ಟೇ ಹುಡುಗ. ಸುತ್ತು ಹೆಚ್ಚಿದಂತೆ ಉಜ್ಜಾಟದ ಹಿಡಿತ ಕೂಡುತ್ತ ಹೋಗದೆ ಗುಣಿಸುತ್ತ ಹೋಗುತ್ತದೆ. ಉಕ್ಕಿನ ರೋಪಿಗೆ ಘರ್ಷಣೆಯ ಗುಣಾಂಕ, ಅಂದರೆ ಉಜ್ಜಾಟದ ಅಳತೆ, 0.15 ಎಂದು ಹಿಡಿದರೆ ಐದು ಸುತ್ತಿನಲ್ಲಿ ಎಳೆತ ಸುಮಾರು 110 ಪಟ್ಟು ಇಳಿಯುತ್ತದೆ, ಅಂದರೆ ನಾಲ್ಕು ಟನ್ನಿನಲ್ಲಿ ಬೋಲ್ಟಿಗೆ ತಲುಪುವುದು 36 ಕಿಲೋ ಮಾತ್ರ. ಈ ನಾರಿನ ಮೈ ಎಣ್ಣೆ ಸವರಿದಂತೆ ನುಣುಪು. ಅದಕ್ಕೆ ಗುಣಾಂಕ 0.08 ಎಂದು ಹಿಡಿದರೆ ಅದೇ ಐದು ಸುತ್ತು ಎಳೆತವನ್ನು ಹನ್ನೆರಡು ಪಟ್ಟಷ್ಟೇ ಇಳಿಸಿ, ಬೋಲ್ಟಿನ ಮೇಲೆ 325 ಕಿಲೋ ಬಿಡುತ್ತದೆ. ಹಗ್ಗ ಜಾರಿ ಬರಲು ಅಷ್ಟು ಸಾಕು. ಸುತ್ತನ್ನು ಹತ್ತಕ್ಕೆ ಏರಿಸಿದರೆ ಬೋಲ್ಟಿನ ಪಾಲು 26 ಕಿಲೋಗೆ ಇಳಿಯುತ್ತದೆ. ಉಕ್ಕಿಗೆ ಐದು ಸುತ್ತು ಸಾಕು, ಕೃತಕ ಹಗ್ಗಕ್ಕೆ ಕನಿಷ್ಠ ಎಂಟು, ಮೇಲಾಗಿ ಹತ್ತು ಸುತ್ತು ಡ್ರಮ್ಮಿನ ಮೇಲೆ ಯಾವಾಗಲೂ ಇರಬೇಕು ಎಂಬ ನಿಯಮ ಬಂದದ್ದು ಇಲ್ಲಿಂದ. 64 ಮಿಲಿಮೀಟರ್ ವ್ಯಾಸದ ಡ್ರಮ್ಮಿನ ಮೇಲೆ ಹತ್ತು ಮಿಲಿಮೀಟರ್ ಹಗ್ಗದ ಹತ್ತು ಸುತ್ತೆಂದರೆ ಸುಮಾರು 2.3 ಮೀಟರ್, ಅಷ್ಟು ಹಗ್ಗ ಎಳೆಯುವ ಕೆಲಸಕ್ಕೆ ಸಿಗುವುದಿಲ್ಲ ಎಂದೇ ತಿಳಿದು, ಆ ಗಡಿಯ ಹತ್ತಿರ ಹಗ್ಗಕ್ಕೆ ಕೆಂಪು ಗುರುತು ಹಾಕಿಕೊಂಡರೆ ಸಂಜೆಯ ಮಬ್ಬಿನಲ್ಲೂ ಎಣಿಸುವ ಕಷ್ಟ ತಪ್ಪುತ್ತದೆ. ಉಕ್ಕಿನ ರೋಪಿನ ತುದಿಯನ್ನು ಒತ್ತಿ ಹಿಡಿಯುವ ಮೊನಚು ಸ್ಕ್ರೂ ನಾರನ್ನು ಕತ್ತರಿಸುತ್ತದೆ. ಹಗ್ಗದ ಜೊತೆ ಬರುವ ಲಗ್ಗನ್ನೇ, ಅಂದರೆ ತುದಿಗೆ ಕೂರಿಸಿದ ರಂಧ್ರವಿರುವ ಲೋಹದ ತುಣುಕನ್ನೇ, ಬೋಲ್ಟಿನಿಂದ ಬಿಗಿಯಬೇಕು.

ಎರಡನೆಯದು ಶಾಖ. ನನ್ನ ಮಟ್ಟಿಗೆ ಇದೇ ಅತ್ಯಂತ ಮುಖ್ಯವಾದ, ಅತ್ಯಂತ ಕಡಿಮೆ ಜನ ಗಮನಿಸುವ ಸಂಗತಿ. ಅನೇಕ ವಿದ್ಯುತ್ ವಿಂಚುಗಳಲ್ಲಿ ಬ್ರೇಕು ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಹೊತ್ತ ಹಗ್ಗವನ್ನು ಮೋಟರಿನಿಂದ ಹೊರಕ್ಕೆ ಬಿಡುವಾಗ, ಉದಾಹರಣೆಗೆ ಇಳಿಜಾರಿನಲ್ಲಿ ವಾಹನವನ್ನು ಮೆಲ್ಲಗೆ ಕೆಳಗಿಳಿಸುವಾಗ, ಆ ಬ್ರೇಕು ಉದ್ದಕ್ಕೂ ಉಜ್ಜುತ್ತಲೇ ಇದ್ದು ಡ್ರಮ್ಮನ್ನು ಒಳಗಿನಿಂದ ಕಾಯಿಸುತ್ತದೆ. ಉಕ್ಕಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಈ ನಾರು 145ರಿಂದ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಮತ್ತು ಅದರ ಅರ್ಧದಷ್ಟು, ಅಂದರೆ 70 ಡಿಗ್ರಿ ದಾಟುತ್ತಿದ್ದಂತೆಯೇ ಬಲ ಕಳೆದುಕೊಳ್ಳತೊಡಗುತ್ತದೆ. ಎಪ್ಪತ್ತು ಡಿಗ್ರಿ ಎಂದರೆ ಒಲೆಯ ಬೆಂಕಿಯಲ್ಲ. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ನಿಂತ ಕಪ್ಪು ಲೋಹವೇ ಅದರ ಹತ್ತಿರಕ್ಕೆ ಹೋಗಬಲ್ಲದು, ಅದರ ಮೇಲೆ ಬ್ರೇಕಿನ ಶಾಖ ಸೇರಿದರೆ ಹೇಳುವುದೇ ಬೇಡ. ಹಾನಿಯಾಗುವುದು ಡ್ರಮ್ಮಿಗೆ ಅಂಟಿದ ಮೊದಲ ಪದರಕ್ಕೆ, ಅದು ಹೊರಗೆ ಕಾಣುವುದೂ ಇಲ್ಲ. ಇದಕ್ಕೆ ಒಳ್ಳೆಯ ಹಗ್ಗಗಳ ಮೊದಲ ಕೆಲವು ಮೀಟರಿಗೆ ಶಾಖ ತಡೆಯುವ ತೋಳು ಹಾಕಿರುತ್ತಾರೆ, ಇಲ್ಲದಿದ್ದರೆ ಹಾಕಿಸಿಕೊಳ್ಳಬೇಕು. ಬ್ರೇಕು ಡ್ರಮ್ಮಿನ ಹೊರಗೆ, ಗೇರ್‌ಬಾಕ್ಸಿನ ಬದಿಗಿರುವ ವಿಂಚಾದರೆ ಈ ಚಿಂತೆ ಬಹಳ ಕಡಿಮೆ. ಹಗ್ಗ ಕೊಳ್ಳುವ ಮೊದಲು ನಿಮ್ಮ ವಿಂಚಿನ ಬ್ರೇಕು ಎಲ್ಲಿದೆ ಎಂದು ಕೇಳಿ ತಿಳಿಯಿರಿ. ಒಳಗಿದ್ದರೆ, ಭಾರದ ಮೇಲೆ ಹಗ್ಗ ಹೊರಬಿಡುವ ಕೆಲಸವನ್ನು ಕೆಲವೇ ಮೀಟರಿಗೆ ಸೀಮಿತಗೊಳಿಸಿ ನಡುನಡುವೆ ತಣಿಯಲು ಬಿಡಿ.

ಸುತ್ತುವ ದಿಕ್ಕನ್ನು ತಪ್ಪಿಸಬಾರದು. ಡ್ರಮ್ಮಿನ ಕೆಳಗಿನಿಂದ ಬರಬೇಕಾದ ಹಗ್ಗ ಮೇಲಿನಿಂದ ಬರುವಂತೆ ಸುತ್ತಿದರೆ ಎಳೆಯುವ ಗುಂಡಿ ಬಿಡುವ ಗುಂಡಿಯಾಗುತ್ತದೆ, ಅಷ್ಟೇ ಅಲ್ಲ, ಒಂದೇ ದಿಕ್ಕಿಗೆ ಹಿಡಿಯುವಂತೆ ಮಾಡಿದ ಬ್ರೇಕು ಹಿಡಿಯುವುದೇ ಇಲ್ಲ. ಹಳೆಯ ರೋಪ್ ಬಿಚ್ಚುವಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ಹೊಸ ಹಗ್ಗವನ್ನು ಸಡಿಲವಾಗಿ ಸುತ್ತಿ ಮನೆಗೆ ಬರುವುದು ಇನ್ನೊಂದು ಸಾಮಾನ್ಯ ತಪ್ಪು. ಹೀಗೆ ಮಾಡಿದರೆ ಮೊದಲ ದೊಡ್ಡ ಎಳೆತದಲ್ಲಿ ಮೇಲಿನ ಸುತ್ತು ಕೆಳಗಿನ ಸಡಿಲ ಸುತ್ತುಗಳ ಸಂದಿಗೆ ಚಾಕುವಿನಂತೆ ಇಳಿದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಿಚ್ಚಲೂ ಬಾರದು. ಮಟ್ಟಸವಾದ, ತುಸುವೇ ಏರಿರುವ ದಾರಿಯಲ್ಲಿ ಹಗ್ಗದ ತುದಿಯನ್ನು ಬೇವಿನ ಮರಕ್ಕೆ ಪಟ್ಟಿ ಹಾಕಿ ಬಿಗಿದು, ಒಬ್ಬರು ಹದವಾಗಿ ಬ್ರೇಕ್ ಒತ್ತುತ್ತಿರುವಾಗ ಜೀಪು ತನ್ನನ್ನು ತಾನೇ ಎಳೆದುಕೊಳ್ಳುವಂತೆ ಮಾಡಿ, ಸುತ್ತಿಗೆ ಸುತ್ತು ತಾಗುವ ಹಾಗೆ ಕೂರಿಸಬೇಕು. ಅರ್ಧ ಗಂಟೆಯ ಕೆಲಸ.

ಡ್ರಮ್ಮಿನ ವಿಷಯದಲ್ಲೇ ಇನ್ನೊಂದು ಲೆಕ್ಕವಿದೆ, ಅದು ಎರಡೂ ಹಗ್ಗಕ್ಕೆ ಅನ್ವಯಿಸುತ್ತದೆ. ವಿಂಚಿನ ಮೇಲೆ 4,300 ಕಿಲೋ ಎಂದು ಬರೆದಿದ್ದರೆ ಆ ಬಲ ಬರಿಯ ಮೊದಲ ಪದರದ್ದು. ಪದರ ಏರಿದಂತೆ ಡ್ರಮ್ಮು ದಪ್ಪವಾಗುತ್ತದೆ, ಮೋಟರಿನ ತಿರುಚುಬಲ ಅಷ್ಟೇ ಇರುತ್ತದೆ; ಮೇಲೆ ಹೇಳಿದ ಡ್ರಮ್ಮಿನಲ್ಲಿ ಆ 4,300 ಎರಡನೆಯ ಪದರಕ್ಕೆ ಸುಮಾರು 3,385ಕ್ಕೂ ಮೂರನೆಯದಕ್ಕೆ 2,790ಕ್ಕೂ ನಾಲ್ಕನೆಯದಕ್ಕೆ 2,375ಕ್ಕೂ ಇಳಿಯುತ್ತದೆ. ಹೊಸ ಹಗ್ಗ ಹಾಕಿದ ಮೇಲೆ ವಿಂಚು ಬಲಹೀನವಾಯಿತು ಎಂದು ದೂರುವವರು ಹಲವು ಸಲ ಐದು ಮೀಟರ್ ಹಗ್ಗ ಬಿಚ್ಚಿ ಎಳೆದವರೇ ಆಗಿರುತ್ತಾರೆ. ಹಗ್ಗ ಹೆಚ್ಚು ಬಿಚ್ಚಿ, ನಡುವೆ ಒಂದು ಸ್ನ್ಯಾಚ್ ಬ್ಲಾಕ್, ಅಂದರೆ ಹಗ್ಗ ಹಾಯುವ ರಾಟೆ ಹಾಕಿ ಎರಡು ಸಾಲು ಮಾಡಿಕೊಂಡರೆ ವೇಗ ಅರ್ಧವಾಗಿ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಗುರ ಹಗ್ಗವಿದ್ದಾಗ ಇಷ್ಟು ತಾಪತ್ರಯಕ್ಕೆ ಮನಸ್ಸು ಒಪ್ಪುವುದೂ ಒಂದು ಲಾಭವೇ.

ಮಿಸ್ತ್ರಿ ತೋರಿಸಿದ ಗೀರು

ಈಗ ನನ್ನ ಹಗ್ಗ ಕತ್ತರಿಸಿದ ರೋಲರಿಗೆ ಬರುತ್ತೇನೆ. ನನ್ನ ಫೇರ್‌ಲೀಡಿನಲ್ಲಿ ನಾಲ್ಕು ಉಕ್ಕಿನ ರೋಲರುಗಳಿದ್ದವು. ಆರು ವರ್ಷ ಉಕ್ಕಿನ ರೋಪ್ ಅವುಗಳ ಮೇಲೆ ಓಡಾಡಿ, ಕೆಳಗಿನ ರೋಲರಿನಲ್ಲಿ ಉಗುರು ಹೊಕ್ಕುವಷ್ಟು ಆಳದ ಗೀರು ಕೊರೆದಿತ್ತು. ಆ ಗೀರಿನ ಅಂಚನ್ನು ಮಿಸ್ತ್ರಿ ನನ್ನ ಬೆರಳಿಗೆ ಮುಟ್ಟಿಸಿದಾಗ, ಅದು ಕಬ್ಬು ಕಡಿಯುವ ಕುಡುಗೋಲಿನಷ್ಟೇ ಹರಿತವಾಗಿತ್ತು. ಬಳಿಕ ಅವರು ಹಾಸಿಗೆ ತುಂಬುವ ಅರಳೆಯ ಒಂದು ತುಣುಕನ್ನು ತಂದು ಡ್ರಮ್ಮಿನ ಮೇಲೆ, ಅದರ ಬದಿಯ ತಟ್ಟೆಗಳ ಒಳಮೈ ಮೇಲೆ, ಮೆಲ್ಲಗೆ ಸವರುತ್ತ ಹೋದರು. ಅರಳೆಯ ಎಳೆ ಸಿಕ್ಕಿ ನಿಂತಲ್ಲೆಲ್ಲ ಸೀಮೆಸುಣ್ಣದ ಗುರುತು ಬಿತ್ತು; ಒಟ್ಟು ಏಳು ಕಡೆ. ಕಣ್ಣಿಗೆ ಅವುಗಳಲ್ಲಿ ಎರಡು ಮಾತ್ರ ಕಾಣುತ್ತಿದ್ದವು. ಅರದಿಂದ ಉಜ್ಜಿ, ಎಮರಿ ಪೇಪರಿನಿಂದ ನಯಮಾಡಿ, ಮತ್ತೆ ಅರಳೆ ಸವರಿ, ಎಳೆ ಎಲ್ಲೂ ನಿಲ್ಲದಾದ ಮೇಲೆಯೇ ಹಗ್ಗ ಮುಟ್ಟಲು ಬಿಟ್ಟರು. ಅಳತೆಯ ಯಂತ್ರಕ್ಕಿಂತ ಒಳ್ಳೆಯ ಪರೀಕ್ಷೆ ಇದು, ಏಕೆಂದರೆ ನಾರನ್ನು ಹಿಡಿಯುವ ಅಂಚನ್ನು ನಾರೇ ಪತ್ತೆಮಾಡುತ್ತದೆ.

ರೋಲರುಗಳು ಹೊಸದಾಗಿದ್ದರೂ ಕೃತಕ ಹಗ್ಗಕ್ಕೆ ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ಓರೆಯಾಗಿ ಎಳೆಯುವಾಗ ಅಡ್ಡ ಮತ್ತು ಲಂಬ ರೋಲರುಗಳು ಕೂಡುವ ಮೂಲೆಯ ಸಂದಿಗೆ ಮೆತ್ತನೆಯ ಹಗ್ಗ ಹಿಸುಕಿಕೊಂಡು ಹೋಗುತ್ತದೆ. ಅದರ ಬದಲು ದುಂಡಗೆ ತಿದ್ದಿದ ಬಾಯಿಯ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್ ಹಾಕಬೇಕು. ಸ್ನ್ಯಾಚ್ ಬ್ಲಾಕಿನ ಗಾಲಿಗೂ ಅರಳೆಯ ಪರೀಕ್ಷೆ ಆಗಲೇಬೇಕು. ಉಕ್ಕಿನ ರೋಪ್ ಬಳಸಿದ ಗಾಲಿಯನ್ನು ಹೊಸ ಹಗ್ಗಕ್ಕೆ ಕೊಡದಿರುವುದೇ ಲೇಸು.

ಗಂಟಲ್ಲ, ಹೆಣಿಗೆ

ಹಗ್ಗ ಎಂದೊಡನೆ ನಮ್ಮ ಕೈ ಗಂಟು ಹಾಕಲು ಹೋಗುತ್ತದೆ. ಈ ಹಗ್ಗಕ್ಕೆ ಗಂಟು ಸಲ್ಲದು. ಗಂಟು ಬಿದ್ದಲ್ಲಿ ಬಲ ಅರ್ಧಕ್ಕೂ ಕೆಳಗಿಳಿಯಬಹುದು, ನುಣುಪಿನಿಂದಾಗಿ ಗಂಟು ಜಾರಿ ಬಿಚ್ಚಿಕೊಳ್ಳಲೂಬಹುದು. ಹನ್ನೆರಡು ಎಳೆಗಳನ್ನು ಟೊಳ್ಳಾಗಿ ಹೆಣೆದ ಈ ಹಗ್ಗದ ಸೊಗಸಿರುವುದು ಬೇರೆಡೆ: ಪೈಜಾಮಿಗೆ ಲಾಡಿ ಪೋಣಿಸುವಂತೆ ಹಗ್ಗದ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ಪೋಣಿಸಿ ಕಣ್ಣು, ಅಂದರೆ ಕುಣಿಕೆ, ಮಾಡಬಹುದು. ಎಳೆದಷ್ಟೂ ಹೊರಗಿನ ಹೆಣಿಗೆ ಬಿಗಿದು ಒಳಗಿನ ತುದಿಯನ್ನು ಅವುಚಿಕೊಳ್ಳುತ್ತದೆ. ಒಳಗೆ ಹೋಗಬೇಕಾದ ಉದ್ದ ಹಗ್ಗದ ದಪ್ಪದ 72 ಪಟ್ಟು. ಹತ್ತು ಮಿಲಿಮೀಟರ್ ಹಗ್ಗಕ್ಕೆ 72 ಸೆಂಟಿಮೀಟರ್. ಹೊಗಿಸುವ ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಇಲಿಬಾಲದಂತೆ ತೆಳುಮಾಡಬೇಕು, ಇಲ್ಲವಾದರೆ ದಪ್ಪ ಹಠಾತ್ತನೆ ಮುಗಿಯುವ ಜಾಗದಲ್ಲಿ ಎಳೆತವೆಲ್ಲ ಒಟ್ಟಾಗುತ್ತದೆ. ಕೊನೆಗೆ ನಾಲ್ಕಾರು ಹೊಲಿಗೆ ಹಾಕಿದರೆ ಸಡಿಲವಿದ್ದಾಗ ಬಿಚ್ಚುವುದಿಲ್ಲ. ನನ್ನ ಹಗ್ಗದ ಕತ್ತರಿಸಿದ ಭಾಗವನ್ನು ತೆಗೆದು ಎರಡೂ ತುದಿಗಳನ್ನು ಹೀಗೆ ಒಂದರೊಳಗೊಂದು ಹೊಗಿಸಿದಾಗ, ಗೋಣಿ ಹೊಲಿಯುವ ದಬ್ಬಣ ಮತ್ತು ಹಳೆಯ ಪೆನ್ನಿನ ಕೊಳವೆ ಬಿಟ್ಟು ಬೇರೆ ಸಲಕರಣೆ ಬೇಕಾಗಲಿಲ್ಲ. ಹರಿದ ಉಕ್ಕಿನ ರೋಪಿಗೆ ಹೊಲದ ಬದುವಿನಲ್ಲಿ ಕುಳಿತು ಈ ಚಿಕಿತ್ಸೆ ಮಾಡಲಾಗದು.

ಕೊಳ್ಳುವಾಗ ಹರಿಯುವ ಬಲದ ಅಂಕಿ ಬರಿಯ ಹಗ್ಗದ್ದೋ, ಹೆಣೆದ ಕಣ್ಣು ಸೇರಿದ್ದೋ ಎಂದು ಕೇಳಬೇಕು. ಆ ಅಂಕಿ ವಿಂಚಿನ ಎಳೆತದ ಒಂದೂವರೆ ಪಟ್ಟಿಗಿಂತ ಕಡಿಮೆಯಿದ್ದರೆ ನಾನು ಕೊಳ್ಳುವುದಿಲ್ಲ. ಎರಡು ಪಟ್ಟಿದ್ದರೆ ಮರುಮಾತಿಲ್ಲ.

ಮಣ್ಣು, ಕಲ್ಲು, ಬಿಸಿಲು

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರು ಜಿಲ್ಲೆಗಳ ನೆಲ ಒಂದೇ ಬಗೆಯದಲ್ಲ, ಹಗ್ಗಕ್ಕೆ ಅವು ಕೊಡುವ ಕಾಟವೂ ಒಂದೇ ಅಲ್ಲ. ಡೋಣಿ ನದಿಯ ಬಯಲಿನ ಎರೆಮಣ್ಣು ಹಗ್ಗದ ಹೆಣಿಗೆಯೊಳಗೆ ಹೊಕ್ಕು ಒಣಗಿದರೆ ಹಗ್ಗ ಕೋಲಿನಂತಾಗುತ್ತದೆ, ಆದರೆ ನೀರಿಗೆ ಬಿಟ್ಟುಕೊಡುತ್ತದೆ. ಮಲಪ್ರಭೆ, ಘಟಪ್ರಭೆಯ ದಂಡೆಯ ಮರಳು ಹಾಗಲ್ಲ. ಅದರ ಹರಳುಗಳು ಎಳೆಗಳ ನಡುವೆ ಕುಳಿತು, ಪ್ರತಿ ಎಳೆತಕ್ಕೂ ಒಳಗಿನಿಂದ ನಾರನ್ನು ಕುಯ್ಯುತ್ತವೆ. ಇಳಕಲ್ಲಿನ ಗ್ರಾನೈಟ್ ಗಣಿಗಳ ಸುತ್ತಲಿನ ಒಡೆದ ಕಲ್ಲಿನ ಅಂಚಿನ ಮೇಲೆ ಭಾರ ಹೊತ್ತ ಹಗ್ಗ ಒಮ್ಮೆ ಉಜ್ಜಿದರೆ ಸಾಕು, ಕಥೆ ಮುಗಿಯಿತು. ಅಲ್ಲಿ ಹಗ್ಗಕ್ಕೆ ಸರಿಸಿ ಕೂರಿಸಬಲ್ಲ ರಕ್ಷಾತೋಳು ಇರಬೇಕು, ಇಲ್ಲವೇ ಅಂಚಿನ ಮೇಲೆ ದಪ್ಪ ತಾಡಪತ್ರಿ ಮಡಿಸಿ ಹಾಸಬೇಕು. ಖಾನಾಪುರದ ಕಾಡಿನ ದಾರಿಗಳಲ್ಲಿ ಆಧಾರಕ್ಕೆ ಮರಗಳುಂಟು, ಆದರೆ ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತಿದರೆ ತೊಗಟೆಗೂ ಕೇಡು ಹಗ್ಗಕ್ಕೂ ಕೇಡು. ಅಗಲ ಪಟ್ಟಿಯೇ ಬೇಕು. ಬಟಾಬಯಲಿನ ಎರೆಭೂಮಿಯಲ್ಲಿ ಮರವೇ ಇಲ್ಲದಾಗ ಸ್ಟೆಪ್ನಿಯನ್ನು ಆಳವಾಗಿ ಹೂತು ಅದಕ್ಕೆ ಕಟ್ಟುವ ಉಪಾಯವಿದೆ, ಗುಂಡಿ ತೋಡುವ ತಾಳ್ಮೆ ಇದ್ದವರಿಗೆ.

ಕೆಲಸ ಮುಗಿದ ಮೇಲೆ ಹಗ್ಗವನ್ನು ಪೂರ್ತಿ ಬಿಚ್ಚಿ, ಬಕೆಟ್ಟಿನಲ್ಲಿ ನೆನೆಹಾಕಿ, ಮೆದು ಸಾಬೂನಿನಿಂದ ಕಲಸಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಹೊರಪದರವನ್ನು ನಿಧಾನವಾಗಿ ಸುಡುವುದರಿಂದ ವಿಂಚಿಗೆ ಹೊದಿಕೆ ಇರಬೇಕು. ತೊಳೆಯುವಾಗಲೇ ಬೆರಳಾಡಿಸಿ ಪರೀಕ್ಷಿಸಬಹುದು. ಮೈಮೇಲೆ ಸಣ್ಣ ನವಿರು ಎದ್ದಿದ್ದರೆ ಭಯವಿಲ್ಲ, ಅದು ಒಳಗಿನ ಎಳೆಗಳಿಗೆ ಹೊದಿಕೆಯಂತೆಯೇ ಆಗುತ್ತದೆ. ಮಿರುಗುವ, ಗಡುಸಾದ, ಮಡಿಸಿದರೂ ಮೆತ್ತಗಾಗದ ತಾಣ ಸಿಕ್ಕರೆ ಅಲ್ಲಿ ನಾರು ಕರಗಿ ಅಂಟಿಕೊಂಡಿದೆ ಎಂದರ್ಥ. ಆ ಭಾಗವನ್ನು ಕತ್ತರಿಸಿ ಹೊಸ ಹೆಣಿಗೆ ಹಾಕಬೇಕು. ಎಳೆ ಪೂರ್ತಿ ತುಂಡಾಗಿದ್ದರೂ ಹಾಗೆಯೇ.

ಯಾರಿಗೆ ಬೇಡ

ಎಲ್ಲರೂ ಬದಲಿಸಿಕೊಳ್ಳಿ ಎಂದು ನಾನು ಹೇಳಲಾರೆ. ರಾಷ್ಟ್ರೀಯ ಹೆದ್ದಾರಿ 48ರ ವಂಟಮುರಿ ಘಾಟಿನಂಥ ಜಾಗದಲ್ಲಿ ಉರುಳಿದ ಲಾರಿಗಳನ್ನು ಎಳೆಯುವ ದೊಡ್ಡ ಬ್ರೇಕ್‌ಡೌನ್ ವಾಹನಗಳಿಗೆ ಉಕ್ಕೇ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ರೋಪ್ ಡಾಂಬರಿನ ಮೇಲೆ ಎಳೆದಾಡುತ್ತದೆ, ನುಜ್ಜುಗುಜ್ಜಾದ ತಗಡಿನ ಅಂಚಿಗೆ ಉಜ್ಜುತ್ತದೆ, ಬಿಸಿ ಸೈಲೆನ್ಸರಿಗೆ ತಾಗುತ್ತದೆ, ಮತ್ತು ದಿನದ ಕೊನೆಗೆ ಅದನ್ನು ಬಕೆಟ್ಟಿನಲ್ಲಿ ತೊಳೆಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕಬ್ಬು ತುಂಬಿದ ಡಬ್ಬಲ್ ಟ್ರೇಲರನ್ನು ಜೀಪಿನ ವಿಂಚಿನಿಂದ ಎಳೆಯುವೆನೆನ್ನುವವರಿಗೂ ಹೊಸ ಹಗ್ಗದಿಂದ ಉಪಕಾರವಿಲ್ಲ. ಗಾಲಿಯ ಮಟ್ಟಕ್ಕೆ ಹೂತ ವಾಹನವನ್ನು ಬಿಡಿಸಲು ಅದರ ತೂಕದಷ್ಟೇ ಎಳೆತ ಬೇಕು ಎಂಬುದು ಸ್ಥೂಲ ಲೆಕ್ಕ. ನಾಲ್ಕು ಟನ್ನಿನ ವಿಂಚು ಅಲ್ಲಿ ತನ್ನ ಜೀಪನ್ನೇ ಕೆಸರಿಗೆ ಎಳೆದುಕೊಂಡೀತು. ಕಬ್ಬು ಇಳಿಸುವುದೇ ಅದಕ್ಕೆ ದಾರಿ.

ವರ್ಷಕ್ಕೆ ಹತ್ತಾರು ಸಲ ಪಿಕಪ್ಪು, ಜೀಪು, ಸಣ್ಣ ಟ್ರ್ಯಾಕ್ಟರು ಎಳೆಯುವವರಿಗೆ, ತೊಳೆದು ಒಣಗಿಸುವ ಶಿಸ್ತು ಇರುವವರಿಗೆ ಕೃತಕ ಹಗ್ಗ ಸರಿ. ಪ್ರಯತ್ನಿಸಿ ನೋಡಿ, ಒಗ್ಗದೆ ಮತ್ತೆ ಉಕ್ಕಿಗೆ ಮರಳುವವರು ಒಂದನ್ನು ಮಾತ್ರ ಮರೆಯಬಾರದು: ಅಲ್ಯೂಮಿನಿಯಂ ಫೇರ್‌ಲೀಡನ್ನು ಹಾಗೆಯೇ ಬಿಟ್ಟು ಅದರಲ್ಲಿ ಉಕ್ಕಿನ ರೋಪ್ ಹಾಯಿಸಿದರೆ, ಮೆದು ಲೋಹವನ್ನು ಅದು ಗರಗಸದಂತೆ ಕೊರೆಯುತ್ತದೆ. ತೆಗೆದಿಟ್ಟ ಹಳೆಯ ರೋಲರುಗಳನ್ನು ಗುಜರಿಗೆ ಹಾಕುವ ಮೊದಲು ಒಂದು ಹಂಗಾಮು ಕಾಯಿರಿ.